ಲಿಬ್ರೆಕ್ಯಾಡ್ ಎರಡು ವರ್ಷ ಬಳಸಿದ ಮೇಲೆ: ಏಳು ಮಿಲಿಮೀಟರಿನ ಕಥೆ

ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಹಳೇ ಕೊಟ್ಟಿಗೆಯೇ ಈಗ ನನ್ನ ಮರಗೆಲಸದ ಜಾಗ. ಸಿಲ್ವರ್ ಓಕ್ ಹಲಗೆಯಲ್ಲಿ ಸ್ಟೂಲು, ಶೆಲ್ಫು, ಜೇನು ಪೆಟ್ಟಿಗೆ ಮಾಡುತ್ತೇನೆ. ಅವುಗಳ ನಕ್ಷೆ ಬರೆಯುವ ಕಂಪ್ಯೂಟರ್ ಸಾಫ್ಟ್‌ವೇರಿಗೆ ದುಡ್ಡು ಹಾಕುವ ಮಾತೇ ಇಲ್ಲ. ಲ್ಯಾಪ್‌ಟಾಪು ಮಗಳು ಕಾಲೇಜು ಮುಗಿಸಿ ಬಿಟ್ಟುಹೋದದ್ದು.

ಸ್ಕೆಚಪ್‌ನ ಉಚಿತ ಆವೃತ್ತಿ ಬ್ರೌಸರಿನಲ್ಲೇ ನಡೆಯಬೇಕು. ಜುಲೈ ಮಳೆಗೆ ಕರೆಂಟು, ನೆಟ್ಟು ಎರಡೂ ಹೋಗುವ ನಮ್ಮ ಕಡೆ ಅದು ಆಗದ ಮಾತು. ಫ್ರೀಕ್ಯಾಡ್ ಒಳ್ಳೆಯದೇ, ಒಂದು ಪೆಟ್ಟಿಗೆಗೋಸ್ಕರ ಅಷ್ಟೆಲ್ಲ ಕಲಿಯುವ ತಾಳ್ಮೆ ನನಗಿಲ್ಲ. ಹಾಗಾಗಿ ಲಿಬ್ರೆಕ್ಯಾಡ್. ಪುಕ್ಕಟೆ, ನೆಟ್ ಬೇಡ, ಬರೀ ಗೆರೆ ಮತ್ತು ವೃತ್ತ.

ಸಂಜೆ ಕಾಫಿ ಲೋಟ ಪಕ್ಕಕ್ಕಿಟ್ಟು ಕೂತರೆ ಮಜಾ. ಗೆರೆಯ ಕಮಾಂಡು ಒತ್ತಿ, ಶುರುವಿನ ಜಾಗ ಕ್ಲಿಕ್ ಮಾಡಿ, @230,0 ಅಂತ ಟೈಪಿಸಿದರೆ 230 ಮಿ.ಮೀ. ಗೆರೆ ಅಡ್ಡಕ್ಕೆ ಬಿದ್ದಿರುತ್ತದೆ. ಹಲಗೆಯ ದಪ್ಪದಷ್ಟು ಅಂತರಕ್ಕೆ ಇನ್ನೊಂದು ಸಮಾನಾಂತರ ಗೆರೆ, ಹೆಚ್ಚಾದದ್ದನ್ನು ಟ್ರಿಮ್. ಮೂಲೆ ತಯಾರು. ಗೆರೆಯ ತುದಿಗೆ ತಾನಾಗಿ ಕೂಡಿಸುವ ಸ್ನ್ಯಾಪ್ ಮಾತ್ರ ಆನ್ ಇರಲಿ. ಇಲ್ಲದಿದ್ದರೆ ತುದಿಗಳು ಕೂಡಿದ ಹಾಗೆ ಕಾಣುತ್ತವೆ, ಝೂಮ್ ಮಾಡಿದರೆ ಕೂಡಿರುವುದಿಲ್ಲ. ಇಷ್ಟು ಕಲಿಯಲು ನನಗೆ ನಾಲ್ಕು ಸಂಜೆ ಸಾಕಾಯಿತು.

ಮನಸ್ಸು ಕೆಟ್ಟಿದ್ದು ಪ್ರಿಂಟಿನಲ್ಲಿ. ತುಡುವೆ ಜೇನಿನ ಪೆಟ್ಟಿಗೆಯಲ್ಲಿ ಫ್ರೇಮಿಗೂ (ಜೇನು ಎರಿ ಕಟ್ಟುವ ಚೌಕಟ್ಟು) ಗೋಡೆಗೂ ನಡುವೆ ಸುಮಾರು 8 ಮಿ.ಮೀ. ಜಾಗ ಬಿಡಬೇಕು. ಜಾಸ್ತಿಯಾದರೆ ಅಲ್ಲೂ ಎರಿ ಕಟ್ಟುತ್ತವೆ. ಅದಕ್ಕೇ ಫ್ರೇಮನ್ನು ನಿಜ ಅಳತೆಯಲ್ಲೇ ಬರೆದು, ಪಿಡಿಎಫ್ ಮಾಡಿ, ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಎ4 ಹಾಳೆಗೆ ತೆಗೆಸಿದೆ. ಕಾಗದ ಅಂಟಿಸಿ, ಎಂಟು ಫ್ರೇಮು ಕೊಯ್ದೆ. ಪೆಟ್ಟಿಗೆಗೆ ಇಳಿಸಿದರೆ, ಅಂಚಿನ ಮೇಲೆ ಕೂರಬೇಕಾದ ಮೇಲಿನ ಪಟ್ಟಿ ಸ್ವಲ್ಪ ಸರಿದರೂ ಒಂದು ತುದಿ ದೊಪ್ಪನೆ ಒಳಗೆ! ಅಳೆದೆ, 230 ಇರಬೇಕಾದದ್ದು 223. ಪಿಡಿಎಫ್ ತೆರೆದ ಕಡೆ 'ಪುಟಕ್ಕೆ ಹೊಂದಿಸು' ಅಂತ ಇತ್ತಂತೆ, ಅದು ಸದ್ದಿಲ್ಲದೆ ನೂರಕ್ಕೆ ಮೂರರಷ್ಟು ಕುಗ್ಗಿಸಿತ್ತು. ಲಿಬ್ರೆಕ್ಯಾಡ್‌ನದು ತಪ್ಪಿಲ್ಲ, ನಿಜ. ಆದರೂ ಒಂದು ವಾರ ಅದನ್ನು ತೆರೆಯಲಿಲ್ಲ.

ಈಗ ಪ್ರತಿ ಹಾಳೆಯ ಮೂಲೆಯಲ್ಲಿ 100 ಮಿ.ಮೀ. ಗೆರೆ ಹಾಕುತ್ತೇನೆ. ಜೇಬಿನಲ್ಲಿ ಸ್ಟೀಲ್ ಸ್ಕೇಲು. ಅಂಗಡಿ ಹುಡುಗನಿಗೆ "ಆಕ್ಚುಯಲ್ ಸೈಜ್ ಕೊಡಪ್ಪಾ" ಅಂದು, ಅಲ್ಲೇ ಅಳೆದೇ ದುಡ್ಡು ಕೊಡುವುದು. "ಅಣ್ಣಾ, ಇವತ್ತು ಸರಿ ಇದ್ಯಾ?" ಅಂತ ಅವನೇ ಕೇಳುತ್ತಾನೆ.

ಇನ್ನೊಂದು ದೂರು ಮನೆಯವಳದ್ದು. ಅಡುಗೆಮನೆ ಶೆಲ್ಫಿನ ನಕ್ಷೆ ತೋರಿಸಿದರೆ, "ಬರೀ ಗೆರೆ ಅಲ್ವಾ ಇದು, ಡಬ್ಬ ಎಲ್ಲಿ ಕೂರತ್ತೆ?" ಅಂದಳು. ತಿರುಗಿಸಿ ತೋರಿಸಲು ಇದರಲ್ಲಿ ಆಗುವುದಿಲ್ಲ. ಕೊನೆಗೆ ಕ್ಯಾಲೆಂಡರಿನ ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಬರೆದುಕೊಟ್ಟೆ, ಒಪ್ಪಿದಳು.