ಎಣ್ಣೆ ಬಾವಿಯ ಇಳಿಕೆ ಲೆಕ್ಕಕ್ಕೆ ಬಾಡಿಗೆ ಸಾಫ್ಟ್‌ವೇರಾ, ಪೈಥಾನಾ?

ಮೂರು ತಿಂಗಳ ಬಾಡಿಗೆ ಕಟ್ಟಿ ಕೈ ಸುಟ್ಟುಕೊಂಡ ಮೇಲೆ ಬರೀತಿದ್ದೀನಿ. ಹಾಗಾಗಿ ನಾನು ಪೈಥಾನ್ ಭಾಷೆಯಲ್ಲಿ ನಾವೇ ಕೋಡ್ ಬರ್ಕೊಳ್ಳೋ ಕಡೆಯವನು ಅಂತ ಮೊದಲೇ ಹೇಳಿಬಿಡ್ತೀನಿ.

ಕೋಲಾರದ ಮನೇಲಿ ಕೂತು ಎಣ್ಣೆ ಬಾವಿಗಳ ಉತ್ಪಾದನೆ ದಿನ ಕಳೆದ ಹಾಗೆ ಎಷ್ಟು ಇಳಿಯುತ್ತೆ ಅಂತ ಅಂದಾಜು ಮಾಡೋದು ನನ್ನ ಕೆಲಸ. ಪರೀಕ್ಷೆಗೆ ತಗೊಂಡಿದ್ದು ನಾರ್ವೆಯ ವೋಲ್ವ್ ಕ್ಷೇತ್ರದ ದತ್ತಾಂಶ. 2008ರಿಂದ 2016ರವರೆಗೆ ಎಣ್ಣೆ ಕೊಟ್ಟ ಕ್ಷೇತ್ರ ಅದು. ಅದರ ಲೆಕ್ಕವನ್ನು ನಾರ್ವೆಯ ಎಣ್ಣೆ ಕಂಪನಿ ಈಕ್ವಿನಾರ್ 2018ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು.

ಬಾಡಿಗೆಯದು, ಪೈಥಾನ್, ಎರಡರ ಹೊಟ್ಟೆಯಲ್ಲೂ ಇರೋದು ಆರ್ಪ್ಸ್ ಅನ್ನೋರು 1945ರಲ್ಲಿ ಕೊಟ್ಟ ಸೂತ್ರವೇ: ಹಳೇ ಉತ್ಪಾದನೆಯ ಚುಕ್ಕೆಗಳ ಮೇಲೆ ಇಳಿಯೋ ಗೆರೆ ಎಳೆದು ಮುಂದಿನದನ್ನು ಅಂದಾಜು ಮಾಡೋದು. ಗ್ರಾಫಿನ ಅಂದಕ್ಕೆ ಬಾಡಿಗೆಯದೇ ಮೇಲು.

ನನ್ನ ತಕರಾರು ಒಂದೇ. ಬಾವಿ ದಿನಾ 24 ಗಂಟೆ ಹರಿಯಲ್ಲ, ರಿಪೇರಿಗೆ ಅಂತ ಮುಚ್ತಾರೆ. ವೋಲ್ವ್ ಫೈಲಲ್ಲಿ ಯಾವ ದಿನ ಎಷ್ಟು ಗಂಟೆ ಹರಿಯಿತು ಅನ್ನೋ ಕಾಲಂ ಬೇರೆಯೇ ಇದೆ. ಬಾಡಿಗೆ ಸಾಫ್ಟ್‌ವೇರ್ ಅದನ್ನು ಒಳಗೆ ತಗೊಳ್ತು, ಗೆರೆ ಎಳೆಯುವಾಗ ಮಾತ್ರ ತಿರುಗಿಯೂ ನೋಡಲಿಲ್ಲ. ಆರು ಗಂಟೆ ಹರಿದ ದಿನವನ್ನೂ ಬಾವಿ ಸೊರಗಿದ ದಿನ ಅಂತ ಎಣಿಸಿ ಗೆರೆಯನ್ನು ಕೆಳಗೆ ಎಳೆದುಬಿಡ್ತು. ಹಿಂದೆ ನಿಂತು ನೋಡ್ತಿದ್ದ ಅಪ್ಪ, "ಥ್ರೀ ಫೇಸ್ ಎರಡೇ ಗಂಟೆ ಕೊಟ್ಟ ದಿನ ಟೊಮೇಟೊಗೆ ನೀರು ಸಾಲಲಿಲ್ಲ ಅಂತ ಬೋರ್ ಬತ್ತೋಯ್ತು ಅಂತೀಯೇನೋ?" ಅಂದ್ರು. ಸಹಾಯವಾಣಿಯವರಿಗೆ ಬರೆದೆ. ಬೇಡದ ದಿನಗಳನ್ನು ಕೈಯಲ್ಲೇ ಅಳಿಸಿ ಅಂದ್ರು. ಒಂದೊಂದೇ ಚುಕ್ಕೆ ಒತ್ತಿ ಅಳಿಸ್ತಾ ಭಾನುವಾರ ಕಳೀತು. ಸೋಮವಾರ ಫೈಲ್ ಮತ್ತೆ ಹಾಕಿದ್ರೆ ಅಷ್ಟೂ ಚುಕ್ಕೆ ವಾಪಸ್!

ಪೈಥಾನಲ್ಲಿ ದಿನದ ಎಣ್ಣೆಯನ್ನು 24ರಿಂದ ಗುಣಿಸಿ, ಹರಿದ ಗಂಟೆಯಿಂದ ಭಾಗಿಸಿದೆ. ಒಂದೇ ಸಾಲು. ಆದ್ರೆ ಅಷ್ಟಕ್ಕೇ ಮುಗಿಯಲ್ಲ: ಮುಚ್ಚಿದ್ದ ಬಾವೀಲಿ ಒತ್ತಡ ಕೂಡಿಕೊಂಡಿರುತ್ತೆ, ತೆರೆದ ಹೊಸದರಲ್ಲಿ ಜೋರಾಗಿ ಬರುತ್ತೆ. ನಮ್ಮ ಬೋರೂ ಮೋಟಾರ್ ಹಾಕಿದ ತಕ್ಷಣ ಪೈಪ್ ತುಂಬಾ ಸುರಿದು, ಆಮೇಲೆ ಸಣ್ಣಗಾಗುತ್ತಲ್ಲ, ಹಾಗೇ. ಅದಕ್ಕೆ 20 ಗಂಟೆಗಿಂತ ಕಮ್ಮಿ ಹರಿದ ದಿನಗಳನ್ನು ಬಿಟ್ಟೆ. ಅದು ಇನ್ನೊಂದು ಸಾಲು. ಸೂತ್ರದ 'ಬಿ'ಗೆ (ಇಳಿಕೆಯ ವೇಗ ಹೇಗೆ ತಗ್ಗುತ್ತಾ ಹೋಗುತ್ತೆ ಅಂತ ಹೇಳೋ ಅಂಕಿ) 0ಯಿಂದ 1ರ ಬೇಲಿ ಹಾಕೋದು ಮರೀಬೇಡಿ. ಇಲ್ಲದಿದ್ರೆ ಕೆಲವೊಮ್ಮೆ ಬಾವಿ ಸಾಯೋದೇ ಇಲ್ಲ ಅನ್ನೋ ಹಾಗೆ ಗೆರೆ ಹೋಗುತ್ತೆ.

ಸ್ಪ್ರೆಡ್‌ಶೀಟ್? ಒಂದೆರಡು ಬಾವಿಗೆ ಸಾಕು.

ತಂಡ ದೊಡ್ಡದು, ದುಡ್ಡು ಕಂಪನಿಯದು ಅಂದ್ರೆ ಬಾಡಿಗೆಯದನ್ನೇ ತಗೊಳ್ಳಿ. ನಾನು ರಾತ್ರಿ ಊಟ ಆದಮೇಲೆ ಒಬ್ಬನೇ ಕೂರೋನು, ಬಿಲ್ಲು ಕಟ್ಟೋನೂ ನಾನೇ. ನಾಲ್ಕನೇ ತಿಂಗಳದ್ದು ಕಟ್ಟಲಿಲ್ಲ.