ಚಾರ್ಟು ಚೆನ್ನಾಗಿದೆ, ಆದರೆ ಮಳೆಗಾಲಕ್ಕಲ್ಲ

ಅಂಕೋಲೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಇತಿಹಾಸ ಕಲಿಸುತ್ತೇನೆ. ಹೋದ ಜೂನ್‌ನಲ್ಲಿ ಕಾರವಾರದ ಸ್ಟೇಷನರಿ ಅಂಗಡಿಯಿಂದ ಹಕ್ಕಿನ ಹೋರಾಟಗಳ ನಾಲ್ಕು ಗೋಡೆ ಚಾರ್ಟು ತಂದೆ. 380 ರೂಪಾಯಿ. 1927ರ ಮಹಾಡ್ ಕೆರೆ (ದಲಿತರು ಕೆರೆ ನೀರಿನ ಹಕ್ಕಿಗೆ ನಡೆಸಿದ ಸತ್ಯಾಗ್ರಹ), 1930ರ ಉಪ್ಪಿನ ಸತ್ಯಾಗ್ರಹ, 1955ರ ಅಮೆರಿಕದ ಮಾಂಟ್ಗೊಮರಿ ಬಸ್ ಬಹಿಷ್ಕಾರ (ಸೀಟಿನಲ್ಲಿ ಬಣ್ಣಭೇದ ಬೇಡವೆಂದು ಕಪ್ಪು ಜನ ಮಾಡಿದ್ದು), 1960ರ ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್.

ಅಕ್ಕಪಕ್ಕ ತೂಗುಹಾಕಿದ್ದೇ ತಡ, ಮಕ್ಕಳು ತಾವೇ ಹೋಲಿಸತೊಡಗಿದರು. 'ಒಂದು ಕಡೆ ನೀರು, ಒಂದು ಕಡೆ ಉಪ್ಪು, ಇನ್ನೊಂದು ಕಡೆ ಬಸ್ ಸೀಟು. ಎಲ್ಲಾ ದಿನಾ ಬೇಕಾಗೋದೇ ಅಲ್ವಾ ಟೀಚರ್?' ಅಂದಳು ಹಿಂದಿನ ಬೆಂಚಿನ ಹುಡುಗಿ. ಮಾಂಟ್ಗೊಮರಿಯವರು 381 ದಿನ ಬಸ್ ಬಿಟ್ಟಿದ್ದರು ಅಂದಾಗ ಅವರ್ಸೆಯಿಂದ ಬರುವ ಹುಡುಗ ಬಾಯಿ ತೆರೆದು ಕೂತ. ಅವನಿಗೆ ಒಂದು ದಿನ ಬಸ್ ತಪ್ಪಿದರೂ ಗೋಳು! ಶಾರ್ಪ್‌ವಿಲ್ ಚಾರ್ಟಿನ ಮುಂದೆ ಮಾತ್ರ ಎಲ್ಲರೂ ಸುಮ್ಮನಾದರು. ಕಪ್ಪು ಜನ ಸದಾ ಗುರುತಿನ ಪಾಸ್ ಇಟ್ಟುಕೊಂಡೇ ಓಡಾಡಬೇಕೆಂಬ ಪಾಸ್ ಕಾನೂನು ವಿರೋಧಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಜನ ಸತ್ತಿದ್ದರು.

ಬೇಜಾರು ಎರಡು. ಉಪ್ಪಿನ ಚಾರ್ಟಿನಲ್ಲಿ ಬರೀ ದಾಂಡಿ. ನಮ್ಮ ಅಂಕೋಲೆಯಲ್ಲೂ ಅದೇ ವರ್ಷ ಉಪ್ಪಿನ ಕಾನೂನು ಮುರಿದಿದ್ದರಲ್ಲ, ಒಂದು ಸಾಲೂ ಇಲ್ಲ. ನಾನೇ ಚೀಟಿ ಅಂಟಿಸಿದೆ. ಇನ್ನು ಲ್ಯಾಮಿನೇಷನ್ ತೀರಾ ತೆಳು. ಆಗಸ್ಟ್ ಹೊತ್ತಿಗೆ ಅಂಚೆಲ್ಲ ಹಪ್ಪಳದ ಹಾಗೆ ಸುರುಳಿ. ಕರಾವಳಿಯವರು ತರುವುದಾದರೆ 50 ರೂಪಾಯಿ ಜಾಸ್ತಿ ಕೊಟ್ಟು ಬಟ್ಟೆ ಬೆನ್ನಿನದ್ದೇ ತನ್ನಿ.