ಬ್ರೇಕ್ ಒತ್ತಿದರೆ ಎಡಕ್ಕೆ: ಸೆಕೆಂಡ್ ಹ್ಯಾಂಡ್ ರೇಸಿಂಗ್ ಕಾರ್ಟ್, ಎರಡು ಸೀಸನ್ ಆದಮೇಲೆ

ನಮ್ಮದು ಕಾರ್ಟ್, ಅಂದರೆ ಒಬ್ಬರೇ ಕೂರುವ ಪುಟ್ಟ ರೇಸ್ ಗಾಡಿ. ಇಟಲಿಯ ಚಾಸಿ (ಗಾಡಿಯ ಫ್ರೇಮ್), ಅದರ ಮೇಲೆ ಆಸ್ಟ್ರಿಯಾದ ರೋಟ್ಯಾಕ್ಸ್ 125 ಮ್ಯಾಕ್ಸ್ ಎಂಜಿನ್. ಎರಡೂ ಸೆಕೆಂಡ್ ಹ್ಯಾಂಡ್. ಓಡಿಸುವವರು ನಾನು ಮತ್ತು ನನ್ನ ಅಣ್ಣನ ಮಗ, ಬಹುಪಾಲು ಬೆಂಗಳೂರಿನ ಮೆಕೋ ಕಾರ್ಟೋಪಿಯಾ ಟ್ರ್ಯಾಕ್‌ನಲ್ಲಿ. ಚಾಸಿ ಯಾವ ಕಂಪನಿಯದು ಅಂತ ಬರೆಯುವುದಿಲ್ಲ. ನಮಗೆ ಬಂದ ತೊಂದರೆ ಗಾಡಿ ಹಿಂದೆ ಕಂಡ ಏಟುಗಳದ್ದು, ಅದಕ್ಕೆ ತಯಾರಕರನ್ನು ದೂರುವುದು ನ್ಯಾಯವಲ್ಲ.

ಎಂಜಿನ್ ಬಗ್ಗೆ ಎರಡೇ ಮಾತು. ಟೂ ಸ್ಟ್ರೋಕ್, ಒಂದೇ ಸಿಲಿಂಡರ್, ನೀರಿನಿಂದ ತಂಪಾಗುವಂಥದ್ದು, ಸೀನಿಯರ್ ಟ್ಯೂನ್‌ನಲ್ಲಿ ಸುಮಾರು 30 ಹಾರ್ಸ್‌ಪವರ್. ಸೆಲ್ಫ್ ಸ್ಟಾರ್ಟ್ ಇದೆ, ಎಂಜಿನ್ ವೇಗ ಇಳಿದರೆ ತಾನಾಗಿ ಬಿಟ್ಟುಕೊಳ್ಳುವ ಸೆಂಟ್ರಿಫ್ಯೂಗಲ್ ಕ್ಲಚ್ ಇದೆ, ಹಾಗಾಗಿ ಹಿಂದಿನ ಚಕ್ರ ಲಾಕ್ ಆದರೂ ಎಂಜಿನ್ ಆಫ್ ಆಗುವುದಿಲ್ಲ. ನಮಗೆ ಎಂಜಿನ್ ಒಂದು ದಿನವೂ ತಲೆನೋವು ಕೊಟ್ಟಿಲ್ಲ. ತಲೆನೋವೆಲ್ಲ ಬ್ರೇಕ್ ಒತ್ತಿದಾಗ.

ಸ್ಟ್ರೇಟ್ ಮುಗಿಯುವಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಮೆತ್ತಗೆ ಒತ್ತಿದರೆ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಪಿಟ್‌ನಲ್ಲಿದ್ದವರೆಲ್ಲ ಹೇಳಿದ್ದು ಒಂದೇ: "ಸಾರ್, ಕ್ಯಾಲಿಪರ್ ಹಿಡ್ಕೊಂಡಿರುತ್ತೆ, ಬಿಚ್ಚಿ ನೋಡಿ." ಕ್ಯಾಲಿಪರ್ ಅಂದರೆ ಬ್ರೇಕ್ ಡಿಸ್ಕನ್ನು ಪ್ಯಾಡ್‌ಗಳ ನಡುವೆ ಅದುಮುವ ಭಾಗ. ಕಾರಿನ ಮಟ್ಟಿಗೆ ಅದು ಸರಿಯಾದ ಸಲಹೆ, ಅಲ್ಲಿ ಒಂದೊಂದು ಚಕ್ರಕ್ಕೂ ಬೇರೆ ಬೇರೆ ಬ್ರೇಕ್ ಇರುತ್ತದೆ. ಗೇರ್ ಇಲ್ಲದ ಈ ಕ್ಲಾಸಿನ ಕಾರ್ಟ್‌ಗೆ ಮುಂದೆ ಬ್ರೇಕೇ ಇಲ್ಲ. ಹಿಂದೆ ಇರುವುದು ಒಂದೇ ಡಿಸ್ಕ್, ಅದೂ ಎರಡು ಚಕ್ರವನ್ನು ಜೋಡಿಸುವ ಒಂದೇ ಆಕ್ಸಲ್ ಮೇಲೆ. ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಆಕ್ಸಲ್ ತಿರುಗಿದರೆ ಎರಡೂ ತಿರುಗಬೇಕು, ನಿಂತರೆ ಎರಡೂ ನಿಲ್ಲಬೇಕು. ಕ್ಯಾಲಿಪರ್ ಎಷ್ಟೇ ಕೆಟ್ಟಿರಲಿ, ಎಡ ಚಕ್ರವನ್ನಷ್ಟೇ ಹಿಡಿಯುವುದು ಅದರ ಕೈಲಾಗದ ಕೆಲಸ. ಹೀಗಾಗಿ ಎಳೆತದ ಮೂಲವನ್ನು ಟೈರ್, ಹಬ್ (ಚಕ್ರವನ್ನು ಆಕ್ಸಲ್‌ಗೆ ಬಿಗಿಯುವ ಭಾಗ), ಸ್ಟೇರಿಂಗ್ ಅಥವಾ ಫ್ರೇಮ್‌ನಲ್ಲಿ ಹುಡುಕಬೇಕು.

ನಾವು ಶುರು ಮಾಡಿದ್ದು ಪುಕ್ಕಟೆ ಪರೀಕ್ಷೆಯಿಂದ. ಹಿಂದಿನ ಎರಡು ಟೈರ್‌ಗಳ ಗಾಳಿ ಸಮ ಮಾಡಿ, ಸುತ್ತಳತೆಯನ್ನು ಟೇಪ್ ಹಿಡಿದು ಅಳೆದೆವು. ಆಮೇಲೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಓಡಿಸಿದೆವು. ಎಳೆತ ಬಲಕ್ಕೆ ತಿರುಗಿದರೆ ತಪ್ಪು ಟೈರ್‌ದು, ಎಡದಲ್ಲೇ ಉಳಿದರೆ ಗಾಡಿಯದು. ಅದು ಎಡದಲ್ಲೇ ಉಳಿಯಿತು.

ಆಮೇಲಿನ ಸರದಿ ಹಿಂದಿನ ಹಬ್‌ಗಳದ್ದು. ಫ್ರೇಮ್‌ನ ಬೇರಿಂಗ್ ಹೌಸಿಂಗ್‌ನಿಂದ ಎರಡೂ ಕಡೆಯ ಚಕ್ರಕ್ಕೆ ಸ್ಕೇಲ್ ಇಟ್ಟಾಗ ಎಡ ಹಬ್ ಕೆಲವು ಮಿಲಿಮೀಟರ್ ಹೊರಗಿರುವುದು ಕಂಡಿತು. ಹಿಂಬದಿಯ ಒಟ್ಟು ಅಗಲ ನಿಯಮದ 140 ಸೆಂಟಿಮೀಟರ್ ಒಳಗೇ ಇತ್ತು, ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಟ್ಟು ಅಗಲ ಸರಿಯಿದ್ದ ಮಾತ್ರಕ್ಕೆ ಆಕ್ಸಲ್ ನಡುವಿಗೆ ಕೂತಿದೆ ಅಂತ ಅಲ್ಲ. ಹೊರಗೆ ಚಾಚಿದ ಚಕ್ರದ ತಡೆ ಗಾಡಿಯ ನಡುಗೆರೆಯಿಂದ ದೂರದಲ್ಲಿ ಕೆಲಸ ಮಾಡುತ್ತದೆ, ಮೂತಿಯನ್ನು ತನ್ನ ಕಡೆಗೆ ತಿರುಗಿಸುತ್ತದೆ. ಸರಿಪಡಿಸಿದ ಮೇಲೆ ಎಳೆತ ಕಡಿಮೆಯಾಯಿತು, ಹೋಗಲಿಲ್ಲ.

ಇಲ್ಲಿಗೆ ಬಂದಾಗ ಲೇಸರ್ ಅಲೈನ್‌ಮೆಂಟ್ ಸೆಟ್ ಕೊಂಡೆವು. ಮುಂದಿನ ಎರಡು ಸ್ಟಬ್ ಆಕ್ಸಲ್‌ಗೆ (ಮುಂದಿನ ಒಂದೊಂದು ಚಕ್ರ ಕೂರುವ ಗಿಡ್ಡ ಆಕ್ಸಲ್) ಸಿಕ್ಕಿಸಿ, ಎದುರು ಬದಿಯ ಫಲಕದ ಮೇಲೆ ಕೆಂಪು ಚುಕ್ಕೆ ಎಲ್ಲಿ ಬೀಳುತ್ತದೆ ಅಂತ ನೋಡುವ ಉಪಕರಣ. ಟೋ (ಮೇಲಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡಿರುವುದು) ಮತ್ತು ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು) ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. ಡ್ರೈವರ್ ಸೀಟಲ್ಲಿ ಕೂತಿರಬೇಕು, ಇದು ಮುಖ್ಯ. ಕಾರ್ಟ್‌ಗೆ ಸಸ್ಪೆನ್ಷನ್ ಇಲ್ಲ, ಫ್ರೇಮ್ ಬಗ್ಗುವುದೇ ಅದರ ಸಸ್ಪೆನ್ಷನ್, ಹಾಗಾಗಿ ಖಾಲಿ ಗಾಡಿಯ ಅಳತೆ ಬೇರೆ, ಆಳು ಕೂತ ಗಾಡಿಯ ಅಳತೆ ಬೇರೆ. ಹುಡುಗ ಹೆಲ್ಮೆಟ್ ಹಾಕಿ ಕೂತ, ನಾನು ಸ್ಟೇರಿಂಗ್ ನೆಟ್ಟಗೆ ಕಟ್ಟಿದೆ. ಬಲ ಚಕ್ರದ ಕಡೆಯಿಂದ ಹೊರಟ ಚುಕ್ಕೆ ಗೆರೆಯ ಮೇಲೇ ಇತ್ತು, ಎಡ ಚಕ್ರದ ಕಡೆಯಿಂದ ಹೊರಟದ್ದು ಗೆರೆಗಿಂತ ಸ್ಪಷ್ಟವಾಗಿ ದೂರ. ಎಡ ಚಕ್ರದ ತಲೆ ಹೊರಕ್ಕೆ ವಾಲಿತ್ತು. ಸ್ಟಬ್ ಆಕ್ಸಲ್ ಬಿಚ್ಚಿ ಗಾಜಿನ ಮೇಲೆ ಉರುಳಿಸಿದರೆ ಪ್ರತಿ ಸುತ್ತಿನಲ್ಲೂ ಒಂದು ಸಲ ಗಾಜಿಗೂ ಕಬ್ಬಿಣಕ್ಕೂ ನಡುವೆ ಬೆಳಕಿನ ಎಳೆ ಕಾಣುತ್ತಿತ್ತು. ಬಾಗಿದ್ದು ಅಷ್ಟೇ ಅಷ್ಟು. ವಾಲಿದ ಟೈರ್ ವಾಲಿದ ಕಡೆಗೇ ಉರುಳಲು ನೋಡುತ್ತದೆ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ನುಗ್ಗಿ ಆ ಟೈರ್‌ಗೆ ಹಿಡಿತ ಹೆಚ್ಚುತ್ತದೆ, ಆಗ ಅದರ ಮಾತೇ ನಡೆಯುತ್ತದೆ. ಮೆತ್ತಗೆ ಒತ್ತಿದಾಗ ಗೊತ್ತಾಗದೆ ಇದ್ದದ್ದೂ ಇದೇ ಕಾರಣಕ್ಕೆ.

ಹೊಸ ಸ್ಟಬ್ ಆಕ್ಸಲ್ ಹಾಕಿದೆವು, ಸ್ಟಬ್ ಆಕ್ಸಲ್ ತಿರುಗುವ ಕೀಲಾದ ಕಿಂಗ್‌ಪಿನ್‌ನ ಬೇರಿಂಗ್ ಮತ್ತು ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್‌ನ ಸಡಿಲವಾಗಿದ್ದ ತುದಿಗಳೂ ಬದಲಾದವು. ಫ್ರೇಮ್ ತಿರುಚಿಕೊಂಡಿದೆಯಾ ಅಂತ ನೋಡಲು ನಾಲ್ಕು ಚಕ್ರದ ಕೆಳಗೆ ನಾಲ್ಕು ತೂಕದ ಯಂತ್ರ ಇಟ್ಟೆವು. ಮನೆಯಲ್ಲಿ ದೇಹದ ತೂಕ ನೋಡುವಂಥವೇ ಸಾಕು, ನೆಲ ಮಾತ್ರ ಮಟ್ಟವಾಗಿರಬೇಕು. ಹಿಂದಿನ ಎಡ, ಬಲ ತೂಕಗಳಲ್ಲಿ ದೊಡ್ಡ ವ್ಯತ್ಯಾಸ ಬಂದರೆ ಎಳೆತಕ್ಕೆ ಅದೂ ಒಂದು ಕಾರಣ. ಒಂದೇ ಆಕ್ಸಲ್ ಆದರೂ ಹೆಚ್ಚು ಭಾರ ಹೊತ್ತ ಟೈರ್ ನೆಲವನ್ನು ಹೆಚ್ಚು ಹಿಡಿಯುತ್ತದೆ. ನಮ್ಮ ಫ್ರೇಮ್ ಇದರಲ್ಲಿ ಪಾಸಾಯಿತು. ಅಡಿಯ ಪೈಪುಗಳು ಮಾತ್ರ ಟ್ರ್ಯಾಕ್ ಅಂಚಿನ ಕರ್ಬ್‌ಗೆ ಉಜ್ಜಿ ಉಜ್ಜಿ ಚಪ್ಪಟೆಯಾಗಿವೆ, ಕೈಯಾಡಿಸಿದರೆ ಅಂಚು ಚುಚ್ಚುತ್ತದೆ. ಕೊಳ್ಳುವ ದಿನ ಗಾಡಿಯನ್ನು ಎತ್ತಿ ಅಡಿ ನೋಡಬೇಕು ಅನ್ನುವುದು ಇದಕ್ಕೇ. ಸ್ಟಿಕರ್ ಹೊಸದಾಗಿ ಅಂಟಿಸಬಹುದು, ಸವೆದ ಪೈಪಿಗೆ ಲೋಹ ಅಂಟಿಸಲಾಗದು.

ಈಗ ಗಾಡಿ ನೆಟ್ಟಗೆ ನಿಲ್ಲುತ್ತದೆ. ಉಳಿದದ್ದು ಇನ್ನೊಂದು ದೂರು: ಕಾರ್ನರ್‌ಗೆ ತಿರುಗಿಸುವ ಹೊತ್ತಿಗೆ ಹಿಂಬದಿ ಕಿತ್ತುಕೊಂಡು ಹೋಗುವುದು. ಹುಡುಗನಿಗೆ ಮಾತ್ರ ಆಗುತ್ತಿತ್ತು, ನನಗಿಲ್ಲ (ನಾನು ನಿಧಾನ, ಅದೂ ಒಂದು ಕಾರಣ). ಸ್ಟೇರಿಂಗ್ ತಿರುಗಿಸಿದ ಕೂಡಲೇ ಕಾಸ್ಟರ್ ಕೋನದಿಂದಾಗಿ (ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ) ಒಳಬದಿಯ ಹಿಂದಿನ ಚಕ್ರ ಹಗುರಾಗಿ ಮೇಲೇಳುತ್ತದೆ. ಡಿಫರೆನ್ಷಿಯಲ್ ಇಲ್ಲದ ಗಾಡಿ ತಿರುಗುವುದೇ ಹಾಗೆ. ಆ ಗಳಿಗೆಯಲ್ಲೂ ಬ್ರೇಕ್ ಒತ್ತಿ ಹಿಡಿದಿದ್ದರೆ ನಿಲ್ಲಿಸುವ ಕೆಲಸ, ಪಕ್ಕಕ್ಕೆ ಜಾರದಂತೆ ಹಿಡಿಯುವ ಕೆಲಸ ಎರಡೂ ಹೊರಬದಿಯ ಒಂದೇ ಟೈರ್ ತಲೆಗೆ ಬೀಳುತ್ತವೆ. ಜೋರು ಬ್ರೇಕೆಲ್ಲ ನೇರ ದಾರಿಯಲ್ಲೇ ಮುಗಿಸಿ, ತಿರುಗಿಸುವಾಗ ಪೆಡಲ್ ಬಿಡುತ್ತಾ ಬರಲು ಹೇಳಿದೆ. "ಚಿಕ್ಕಪ್ಪ, ಹಂಗೆ ಮಾಡಿದ್ರೆ ಟೈಮ್ ಹೋಗುತ್ತೆ," ಅಂದ. ಲ್ಯಾಪ್ ಟೈಮರ್ ಅವನ ಮಾತಿಗೆ ಸಾಕ್ಷಿ ಹೇಳಲಿಲ್ಲ. ಇದಕ್ಕೆ ಸ್ಪ್ಯಾನರ್ ಹಿಡಿಯುವ ಮೊದಲು ಇಬ್ಬರು ಓಡಿಸಿ ನೋಡುವುದು ಒಳ್ಳೆಯದು.

ಬ್ರೇಕ್ ಸಿಸ್ಟಮ್ ಬಗ್ಗೆ ನನಗೆ ಗೌರವವಿದೆ. ಪ್ಯಾಡ್‌ಗಳು ಡಿಸ್ಕ್‌ನ ಎರಡೂ ಬದಿಗೆ ಸಮ ದೂರದಲ್ಲಿರುವಂತೆ ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿಟ್ಟರೆ ಪೆಡಲ್ ಗಟ್ಟಿಯಾಗಿ, ಪ್ರತಿ ಸಲ ಒಂದೇ ಜಾಗದಲ್ಲಿ ಸಿಗುತ್ತದೆ. ಪೆಡಲ್ ಮೆತ್ತಗಾದರೆ ಪೈಪಿನಲ್ಲಿ ಗಾಳಿ ಸೇರಿದೆ ಅಂತ, ಬ್ಲೀಡ್ ಮಾಡಿದರೆ, ಅಂದರೆ ಆ ಗಾಳಿಯನ್ನು ಹೊರಗೆ ಬಿಟ್ಟರೆ ಮುಗಿಯಿತು. ಒಂದೇ ಎಚ್ಚರಿಕೆ: ಕೆಲವು ಕಂಪನಿಯ ಬ್ರೇಕ್‌ಗೆ ಡಾಟ್ 4 ಆಯಿಲ್, ಕೆಲವಕ್ಕೆ ಮಿನರಲ್ ಆಯಿಲ್. ತಪ್ಪಿ ಹಾಕಿದರೆ ಒಳಗಿನ ರಬ್ಬರ್ ಸೀಲ್ ಉಬ್ಬಿ ಹಾಳಾಗುತ್ತದೆ. ಪೆಡಲ್‌ನಿಂದ ಬ್ರೇಕ್ ಆಯಿಲ್ ಒತ್ತುವ ಮಾಸ್ಟರ್ ಸಿಲಿಂಡರ್‌ಗೆ ಹೋಗುವ ರಾಡ್ ಜೊತೆ ಇರುವ ಸೇಫ್ಟಿ ಕೇಬಲ್‌ನ ಎಳೆಗಳನ್ನು ಪ್ರತಿ ಸಲ ಟ್ರ್ಯಾಕ್‌ಗೆ ಇಳಿಸುವ ಮುಂಚೆ ನೋಡುತ್ತೇವೆ.

ಅಂಕ ಕೊಡುವುದಾದರೆ ಎಂಜಿನ್‌ಗೆ ಐದಕ್ಕೆ ಐದು, ಬ್ರೇಕ್‌ಗೆ ನಾಲ್ಕೂವರೆ, ಚಾಸಿಗೆ ಮೂರು. ಲೇಸರ್ ಸೆಟ್‌ಗೆ ಐದು. ಎರಡನೇ ಗಾಡಿ ಕೊಳ್ಳುವುದಾದರೆ ಮಾರುವವರ ಗ್ಯಾರೇಜ್‌ಗೆ ಅದನ್ನೇ ಎತ್ತಿಕೊಂಡು ಹೋಗುತ್ತೇನೆ. ಆಕ್ಸಲ್‌ನ ಎಡಗಡೆ ಬೇರಿಂಗ್ ಈಚೆಗೆ ಸಣ್ಣಗೆ ಸದ್ದು ಮಾಡುತ್ತಿದೆ, ಮುಂದಿನ ಸೀಸನ್‌ಗೆ ಮೊದಲು ಅದನ್ನು ಬದಲಾಯಿಸಬೇಕು.